ಜೀಗುಜ್ಜೆ ಮರಕ್ಕೆ ದೋಣಿಯ ಗಂಟು

ಕಳೆದ ಭಾನುವಾರ ಬೆಳಿಗ್ಗೆ ಮೊಮ್ಮಗಳು ಸಾನ್ವಿ ಅಂಗಳದಿಂದ ಓಡಿ ಬಂದು ತನ್ನ ಹೆಬ್ಬೆರಳನ್ನು ನನ್ನ ಮೂಗಿನ ಹತ್ತಿರ ಹಿಡಿದಳು. ಬೆರಳ ತುಂಬ ಬಿಳಿ ಅಂಟು.

"ಅಜ್ಜ, ನನ್ನ ಮರ ಹಾಲು ಬಿಡ್ತಾ ಉಂಟು!"

ಹಲಸಿನ ಜಾತಿಯ ಜೀಗುಜ್ಜೆಯ ಮೇಣ. ಆ ಹಸಿ ವಾಸನೆ ಮೂಗಿಗೆ ಬಡಿದದ್ದೇ ತಡ, ಇಪ್ಪತ್ತೆರಡು ವರ್ಷ ಹಿಂದಿನ ಒಂದು ಬೆಳಗು ಎದುರಿಗೆ ಬಂದು ನಿಂತಿತು.

ಆದರೆ ಮೊದಲು ಈ ಹುಡುಗಿಯ ಬಗ್ಗೆ ಎರಡು ಮಾತು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನನಗೆ ಮುಂದೆ ಹೋಗಲು ಆಗುವುದಿಲ್ಲ. ನನಗೆ ಮೂರೂ ಗಂಡುಮಕ್ಕಳು. ನಮ್ಮ ಮನೆಯಲ್ಲಿ ಎರಡು ತಲೆಮಾರಿಗೆ ಇವಳೊಬ್ಬಳೇ ಹೆಣ್ಣು. ಈಗ ಎರಡನೇ ಕ್ಲಾಸು. ನಾಲ್ಕಕ್ಕೇ ಶಾಲೆ ಬಿಟ್ಟು ಬೋಟು ಹತ್ತಿದ ನನ್ನ ಕಾಗುಣಿತವನ್ನು ಅವಳೇ ತಿದ್ದುವುದು. "ಅಜ್ಜ, ದೀರ್ಘ ಎಲ್ಲಿ?" ಎಂದು ಗದರಿಸುವಾಗ ನನಗೆ ಎದೆ ಇಷ್ಟಗಲ ಆಗುತ್ತದೆ. ಕಾಪು ಬಸ್ಸಿನಲ್ಲಿ ಸಿಕ್ಕವರಿಗೆಲ್ಲ ಅವಳ ಸುದ್ದಿ ಹೇಳಿ ಹೇಳಿ, ಈಗ ಕಂಡಕ್ಟರು ನನ್ನನ್ನು ಕಂಡ ಕೂಡಲೇ "ಅಜ್ಜೇರೆ, ಇವತ್ತು ಮೊಮ್ಮಗಳು ಎಂತ ಮಾಡಿದ್ಲು?" ಎಂದು ತಾನೇ ಕೇಳುತ್ತಾನೆ. ಉತ್ತರ ಬರುವ ಮೊದಲೇ ಮುಂದಿನ ಬಾಗಿಲಿಗೆ ಓಡುತ್ತಾನೆ. ಓಡಲಿ.

ಈ ಸಂತೋಷದ ಅಮಲಿನಲ್ಲೇ ಹೋದ ಮಳೆಗಾಲದಲ್ಲಿ ಅವಳ ಹೆಸರಿಗೆಂದು ಒಂದು ಜೀಗುಜ್ಜೆ ಸಸಿ ನೆಟ್ಟೆ. ಇಪ್ಪತ್ತೆರಡು ವರ್ಷ ಜೀಗುಜ್ಜೆಯ ಪೋಡಿ, ಅಂದರೆ ಬಜ್ಜಿಯನ್ನು ಕೂಡ ಬಾಯಿಗೆ ಹಾಕದಿದ್ದ ಮನುಷ್ಯ ನಾನು.

ನಮ್ಮದು ಕಾಪುವಿನಲ್ಲಿ ಸಮುದ್ರದ ಬದಿಯ ಮನೆ. ಜೂನಿನ ಗಾಳಿ ಯಾರನ್ನೂ ಕೇಳದೆ ಅಂಗಳಕ್ಕೆ ನುಗ್ಗುತ್ತದೆ. ಎಳೆಯ ಮರಕ್ಕೆ ಆಧಾರ ಕೊಡದೆ ನಿರ್ವಾಹವಿಲ್ಲ. ಇಪ್ಪತ್ತಮೂರು ವರ್ಷ ಹಿಂದೆಯೂ ಹಾಗೆಯೇ. ನನ್ನ ಅಣ್ಣನ ಮನೆ ಪಕ್ಕದಲ್ಲೇ ಇತ್ತು, ನಡುವೆ ಬೇಲಿ ಕೂಡ ಇರಲಿಲ್ಲ. ಪೆರ್ಡೂರಿನ ಒಬ್ಬ ಪರಿಚಯದವರಿಂದ ನಾನು ತಂದ ಜೀಗುಜ್ಜೆ ಸಸಿಯನ್ನು ಎರಡೂ ಅಂಗಳದ ಗಡಿಯಲ್ಲಿ ನೆಟ್ಟು, ಒಂದು ಗಟ್ಟಿ ಕಂಬ ಊರಿ, ಬೋಟಿನ ನೈಲಾನ್ ಹಗ್ಗದಲ್ಲಿ ಬಿಗಿದೆ. ಮಲ್ಪೆಯಲ್ಲಿ ದೋಣಿ ಕಟ್ಟುತ್ತೇವಲ್ಲ, ಎಳೆದಷ್ಟೂ ಬಿಗಿಯಾಗುವ ಗಂಟು, ಅದನ್ನೇ ಹಾಕಿದೆ. ಅಣ್ಣ ನೋಡುತ್ತ ನಿಂತಿದ್ದ.

"ದೋಣಿ ಅಲ್ಲ ಮಾರಾಯ, ಮರ," ಎಂದ. "ಎರಡು ಬದಿಗೆ ಕಂಬ ಹಾಕು. ಹಳೇ ಲುಂಗಿ ಹರಿದು ಸಡಿಲ ಕಟ್ಟು. ಗಾಳಿಗೆ ಸ್ವಲ್ಪ ಆಡ್ಲಿ ಅದು. ಆಡಿದ್ರೆ ಬೇರು ಇಳೀತದೆ."

"ನಂಗೆ ಗಂಟು ಕಲಿಸ್ಬೇಡ."

"ಗಂಟು ಒಳ್ಳೆದೇ ಉಂಟು. ಮರದ ಗತಿ ಎಂತ?" ಎಂದು ನಕ್ಕ. ಮತ್ತೆ ಮೇಲೆ ನೋಡಿ, "ದೊಡ್ಡದಾದ್ರೆ ಎಲೆ ಎಲ್ಲ ನನ್ನ ಮಾಡಿನ ಹಂಚಿಗೇ ಬೀಳುದು," ಎಂದ.

ಇವೆಲ್ಲ ತುಳುವಿನಲ್ಲಿ ಆಡಿದ ಮಾತುಗಳು. ಕನ್ನಡಕ್ಕೆ ತರುವಾಗ ಖಾರ ಅರ್ಧ ಇಳಿದಿದೆ. ಆದರೆ ಎಲೆಯ ಮಾತು ಮಾತ್ರ ನನ್ನ ತಲೆಯಲ್ಲಿ ಖಾರ ಇಳಿಯದೆ ಕೂತಿತು.

ಮರುವರ್ಷ ಮಳೆ ಹಿಡಿದ ಎರಡನೇ ವಾರ, ಒಂದು ಬೆಳಿಗ್ಗೆ ಎದ್ದು ನೋಡುತ್ತೇನೆ, ಆಳೆತ್ತರ ಬೆಳೆದ ಮರ ಸೊಂಟದ ಹತ್ತಿರ ತುಂಡಾಗಿ ಬಿದ್ದಿದೆ. ಮುರಿದ ಜಾಗದಲ್ಲಿ ಸುತ್ತಲೂ ಒಂದು ಗೆರೆ, ಕತ್ತಿಯಲ್ಲಿ ಕೊಯ್ದ ಹಾಗೆ. ಹಗ್ಗ ಕಂಬದಲ್ಲೇ ನೇತಾಡುತ್ತಿತ್ತು, ಗಂಟು ಬಿಚ್ಚಿರಲಿಲ್ಲ. ಕಡಲಿನಲ್ಲಿ ದುಡಿದವನ ಲೆಕ್ಕ ನೋಡಿ: ದೋಣಿ ಹೋದರೆ ಮೊದಲು ಗಂಟು ನೋಡುವುದು. ಗಂಟು ನಿಂತಿದ್ದರೆ ಕಟ್ಟಿದವನ ತಪ್ಪಿಲ್ಲ. ನನ್ನ ಗಂಟು ನಿಂತಿತ್ತು. ಹಾಗಾದರೆ ತಪ್ಪು ಯಾರದ್ದು?

ಅಷ್ಟರಲ್ಲಿ ಅಣ್ಣ ಬಂದ. ಬಿದ್ದದ್ದನ್ನು ಕಡಿದು ಬದಿಗೆ ಹಾಕೋಣವೆಂದು ಪಾಪ ಕತ್ತಿ ಹಿಡಿದೇ ಬಂದಿದ್ದ.

"ನೀನೇ ಕಡಿದದ್ದು!" ಎಂದು ಕೂಗಿದೆ. ಮೀನಿಗೆ ಹೊರಟಿದ್ದವರು ಬುಟ್ಟಿ ಹೊತ್ತುಕೊಂಡೇ ನಿಂತರು. "ಸುತ್ತ ಕೊಯ್ದು ಗಾಳಿಗೆ ಬಿಟ್ಟಿದ್ದಿ. ನಿನ್ನ ಮಾಡಿಗೆ ಎಲೆ ಬೀಳ್ತದಲ್ಲ!"

ಅಣ್ಣ ಜಗಳ ಮಾಡಲಿಲ್ಲ. "ಇಷ್ಟೇ ಅಲ್ವಾ ನೀನು ನನ್ನನ್ನು ಕಂಡದ್ದು," ಎಂದು ಒಳಗೆ ಹೋದ. ವರ್ಷದೊಳಗೆ ಸಂತೆಕಟ್ಟೆಗೆ, ಹೆಂಡತಿಯ ತವರಿನ ಹತ್ತಿರ, ಸಂಸಾರ ಸಾಗಿಸಿದ. ನಾಲ್ಕು ವರ್ಷದ ಹಿಂದೆ ತೀರಿಹೋದ. ನಾನು ಹೋಗಿ ರಸ್ತೆಯ ಆಚೆ ಬದಿಯಲ್ಲಿ ನಿಂತು ವಾಪಸು ಬಂದೆ. ಮರ ಕಡಿದವನ ಮುಖ ನೋಡುವುದಿಲ್ಲ ಎಂಬ ಹಟ, ಆ ಮುಖಕ್ಕೆ ಬಟ್ಟೆ ಹೊದೆಸಿದ ಮೇಲೂ.

ಭಾನುವಾರ ಸಾನ್ವಿಯ ಬೆರಳು ಹಿಡಿದು ಮರದ ಹತ್ತಿರ ಹೋದೆ. ಮತ್ತೆ ಅದೇ ಒಂಟಿ ಕಂಬ, ಅದೇ ನೈಲಾನು, ಅದೇ ಗಂಟು. ಕೈಗೆ ಬೇರೆ ಏನು ಗೊತ್ತುಂಟು? ಹಗ್ಗ ಮಾತ್ರ ಕಾಣಲಿಲ್ಲ. ಮರ ದಪ್ಪವಾಗಿ ತೊಗಟೆ ಅದರ ಮೇಲೆ ಉಬ್ಬಿ ಬಂದಿತ್ತು. ಕತ್ತಿಯ ತುದಿಯಿಂದ ಮೆಲ್ಲನೆ ಎಬ್ಬಿಸಿ ಹಗ್ಗ ಎಳೆದಾಗ ಕೆಳಗೆ ಸುತ್ತಲೂ ಒಂದು ಗೆರೆ. ಕತ್ತಿಯಲ್ಲಿ ಕೊಯ್ದ ಹಾಗೆ.

"ಯಾರಜ್ಜ ಇದಕ್ಕೆ ಗಾಯ ಮಾಡಿದ್ದು?"

ನಾನು ಮಣ್ಣಿನಲ್ಲೇ ಕೂತೆ. ಆಮೇಲೆ ಎದ್ದು ಎರಡು ಬದಿಗೂ ಕಂಬ ಊರಿ, ಲುಂಗಿ ಹರಿದು, ಗಾಳಿಗೆ ಆಡುವಷ್ಟು ಸಡಿಲವಾಗಿ ಕಟ್ಟಿದೆ. ಬದುಕುತ್ತದೋ ಇಲ್ಲವೋ ಗೊತ್ತಿಲ್ಲ.

ಮಧ್ಯಾಹ್ನವೇ ಸಂತೆಕಟ್ಟೆಯ ಬಸ್ಸು ಹತ್ತಿದೆ. ಸಾನ್ವಿ ಬಿಡದೆ ಜೊತೆಗೆ ಬಂದಳು. ಆ ದಿನ ಕಂಡಕ್ಟರಿಗೆ ನಾನು ಏನೂ ಹೇಳಲಿಲ್ಲ.

ಅತ್ತಿಗೆ ಜಗಲಿಯಲ್ಲಿ ಕೂತು ಬಸಳೆ ಸೋಸುತ್ತಿದ್ದರು. "ಎಂತ, ದಾರಿ ತಪ್ಪಿತಾ?" ಎಂದರು. ಕೂತುಕೊಳ್ಳಿ ಎನ್ನಲಿಲ್ಲ. ನಿಂತುಕೊಂಡೇ ಹೇಳಿದೆ, ಹಗ್ಗ, ತೊಗಟೆ, ಗೆರೆ, ಎಲ್ಲ. ಅಣ್ಣ ಕಡಿದದ್ದಲ್ಲ, ನನ್ನ ಹಗ್ಗವೇ ಕೊಯ್ದದ್ದು ಎಂದೆ.

ಅವರ ಕೈ ನಿಂತಿತು. ಬಯ್ಯುತ್ತಾರೆಂದು ಕಾದೆ. ಬೈದಿದ್ದರೆ ಒಳ್ಳೆಯದಿತ್ತು.

"ನಾನೂ ಅವರೇ ಕಡಿದದ್ದು ಅಂತ ತಿಳಿದಿದ್ದೆ," ಎಂದರು. "ಮಕ್ಕಳ ಮೇಲೆ ಆಣೆ ಹಾಕಿ ಹೇಳಿದ್ರು, ನಾನಲ್ಲ ಅಂತ. ಆಯ್ತು ಬಿಡಿ, ಅಂದೆ ನಾನು. ಆಯ್ತು ಬಿಡಿ ಅಂದ್ರೆ ನಂಬ್ಲಿಲ್ಲ ಅಂತ ಗೊತ್ತಾಗದೆ ಇರ್ತದಾ ಅವರಿಗೆ? ಕಡೇವರೆಗೆ ಮತ್ತೆ ಆ ಮಾತೇ ಎತ್ಲಿಲ್ಲ."

ನಾನು ಒಂದು ಮನೆಯಲ್ಲಿ ಅಲ್ಲ, ಎರಡು ಮನೆಯಲ್ಲಿ ಅಣ್ಣನನ್ನು ಅಪರಾಧಿ ಮಾಡಿದ್ದೆ.

ಅತ್ತಿಗೆ ಬಸಳೆ ಬದಿಗಿಟ್ಟು ಎದ್ದು, ಪಕ್ಕದ ಮನೆಯವರನ್ನು, ಒಳಗಿದ್ದ ಸೊಸೆಯನ್ನು, ಎಲ್ಲರನ್ನೂ ಹೆಸರು ಹಿಡಿದು ಕರೆದರು. ಅವರೆಲ್ಲ ಕೈ ಒರೆಸಿಕೊಳ್ಳುತ್ತ ಅಂಗಳಕ್ಕೆ ಬಂದರು.

"ಈಗ ಹೇಳಿ," ಎಂದರು ನನಗೆ. "ಅವತ್ತು ಹೇಳಿದ ಹಾಗೆ. ಜೋರಾಗಿ."

ಹೈವೇಯ ಲಾರಿಗಳ ಸದ್ದಿನ ಮೇಲೆ ಕೂಗಿ ಹೇಳಿದೆ. "ಅಣ್ಣ ಕಡಿದದ್ದಲ್ಲ! ನಾನೇ!" ಇದೇನೋ ಆಟವೆಂದು ಸಾನ್ವಿ ನನ್ನ ಕೈ ಹಿಡಿದು ನಗುತ್ತ ತಾನೂ ಕೂಗಿದಳು, "ಕಡಿದದ್ದಲ್ಲ!"

ಬೇರೆ ಯಾರೂ ನಗಲಿಲ್ಲ.

"ಇನ್ನೊಮ್ಮೆ," ಎಂದರು ಅತ್ತಿಗೆ.