ಕೈ ಬದಲಾಗದ ಕಷಾಯ

ವೆಸ್ಟ್ ಮಾಂಬಲಂ ಸ್ಟೇಷನ್ನಿನ ಹತ್ತಿರದ ಹೋಟೆಲಿಗೆ ವಿಷ್ಣುಮೂರ್ತಿ ಹೊಳ್ಳ ಹಿಟ್ಟು ರುಬ್ಬುವ ಕೆಲಸಕ್ಕೆ ಸೇರಿದ್ದು ಸ್ವಾತಂತ್ರ್ಯ ಬಂದು ಆರೇಳು ವರ್ಷವಾದ ಮೇಲೆ. ಎಷ್ಟು ರುಬ್ಬಿದರೂ ಮದರಾಸಿನವರಿಗೆ ಸಾಲದು ಎಂಬುದು ಅವನಿಗೆ ಬೇಗನೆ ತಿಳಿಯಿತು. ಬೆರಳ ಸಂದುಗಳೆಲ್ಲ ಬೆಳ್ಳಗೆ ಬಿರಿದು, ಉಣ್ಣಲು ಕೂತರೆ ಸಾರಿನ ಖಾರ ತಾಗಿ ಕಣ್ಣಲ್ಲಿ ನೀರು ಬರುತ್ತಿತ್ತು. ಈ ಕಲ್ಲಿನಿಂದ ಪಾರು ಮಾಡು ದೇವರೇ ಎಂದು ಬೇಡುತ್ತಿದ್ದ. ದೇವರು ಪಾರು ಮಾಡಿದ, ಆದರೆ ಬೇಡಿಕೆಯನ್ನು ಅರ್ಧ ಮಾತ್ರ ಕೇಳಿಸಿಕೊಂಡು.

ಹೋಟೆಲಿನ ಯಜಮಾನರಾದ ಸುಬ್ರಾಯ ಐತಾಳರಿಗೆ ಒಂದು ದಿನ ಗಲ್ಲಾಪೆಟ್ಟಿಗೆಯ ಮುಂದೆ ಕೂತಲ್ಲೇ ಎದೆ ಹಿಡಿದುಕೊಂಡಿತು. ಡಾಕ್ಟರು ಮಾತ್ರೆ ಕೊಟ್ಟು, ಚಿಂತೆ ಬೇಡ ಎಂದರು. ಆಗ ವಿಷ್ಣುಮೂರ್ತಿ ಬಾಯಿ ಹಾಕಿದ. ಊರಲ್ಲಿ ತನ್ನ ಅಜ್ಜ ಎದೆನೋವಿನವರಿಗೆ ಹೊಳೆಮತ್ತಿ ಮರದ ಚಕ್ಕೆಯನ್ನು ಹಾಲು ನೀರಿನಲ್ಲಿ ಕುದಿಸಿ, ನೀರೆಲ್ಲ ಇಂಗಿದ ಮೇಲೆ ಸೋಸಿ ಕುಡಿಸುತ್ತಿದ್ದರು ಎಂದ. ಅಷ್ಟು ನಿಜ. ಚಕ್ಕೆ ಮದರಾಸಿನ ನಾಟುಮದ್ದಿನ ಅಂಗಡಿಯಲ್ಲೂ ಸಿಗುತ್ತಿತ್ತು, ತಮಿಳಿನಲ್ಲಿ ಮರುದಂ ಪಟ್ಟೆ ಅಂದರಾಯಿತು. ಐತಾಳರ ಹೆಂಡತಿ ಗುಣವತಿಯಮ್ಮ, “ಹ್ಯಾಂಗೆ ಮಾಡುದ್ ಅಂತ ನಂಗೆ ಹೇಳಿಕೊಡು, ಸಾಕ್” ಅಂದರು. ಹೇಳಿಕೊಟ್ಟರೆ ಮತ್ತೆ ರುಬ್ಬುವ ಕಲ್ಲೇ ಗತಿ. ಥಟ್ಟನೆ ಅವನ ಬಾಯಿಗೆ ಒಂದು ಸುಳ್ಳು ಬಂತು.

“ಇದಕ್ಕೆ ಕೈಗುಣ ಬೇಕ್ ಅಮ್ಮ. ಸುರು ಮಾಡಿದ ಕೈಯೇ ಕಡೇವರೆಗೂ ಮಾಡ್ಕ್. ಕೈ ಬದಲಾದ್ರೆ ಮದ್ದು ತಿರುಗಿ ಬೀಳತ್ತ್.”

ಕಷಾಯದಿಂದಲೋ, ಮಾತ್ರೆಯಿಂದಲೋ, ಗಲ್ಲಾದ ಮುಂದೆ ಅಳಿಯ ಕೂತು ಮಾವನಿಗೆ ವಿಶ್ರಾಂತಿ ಸಿಕ್ಕಿದ್ದರಿಂದಲೋ, ಐತಾಳರು ಚೇತರಿಸಿಕೊಂಡರು. ಅವರು ಮಾತ್ರ ಪುಣ್ಯವನ್ನೆಲ್ಲ ಹೊಳ್ಳನ ಕೈಗೇ ಕಟ್ಟಿದರು.

ಅಲ್ಲಿಗೆ ಅವನ ಕತೆ ಮುಗಿಯಿತು. ಬೆಳಿಗ್ಗೆ ಒಂದು ಲೋಟ, ದೀಪ ಹಚ್ಚುವ ಹೊತ್ತಿಗೆ ಒಂದು ಲೋಟ, ಎರಡೂ ಆಗಿಂದಾಗಲೇ ಕಾಸಿದ್ದಾಗಬೇಕು. ಗೆಳೆಯರು ತಿರುವೊಟ್ಟಿಯೂರಿನ ದೇವಸ್ಥಾನಕ್ಕೆ ಹೊರಟರೆ ಇವನು ಒಲೆಯ ಮುಂದೆ. ಜ್ವರ ಬಂದಾಗಲೂ ಕಂಬಳಿ ಹೊದ್ದೇ ಸೌಟು ಆಡಿಸಿದ. ರುಬ್ಬುವ ಕಲ್ಲು ತಪ್ಪಿತು, ಸಂಬಳ ಏರಿತು, ಹೊಸ ಪಂಚೆ ಬಂತು, ಮಲಗಲು ಒಂದು ಕೋಣೆಯೂ ಸಿಕ್ಕಿತು. ಊರಿಗೆ ಹೋಗುತ್ತೇನೆ ಎಂದಾಗಲೆಲ್ಲ ಮಾತ್ರ “ಮುಂದಿನ ವರ್ಷ ಕಾಂಬ” ಎಂಬ ಉತ್ತರ ಬರುತ್ತಿತ್ತು. ಸ್ಟೇಷನ್ನಿನಿಂದ ಹೊರಡುವ ರೈಲಿನ ಸದ್ದು ನೇರ ಅಡುಗೆಮನೆಗೇ ಕೇಳುತ್ತಿತ್ತು. ಆ ಸದ್ದು ಕೇಳಿದರೆ ಅವನಿಗೆ ಮೈಯೆಲ್ಲ ಉರಿಯುತ್ತಿತ್ತು.

ಒಂದು ಮಧ್ಯಾಹ್ನ, ಅಡ್ಯಾರಿನ ಹೋಟೆಲೊಂದರಲ್ಲಿ ಕೆಲಸಕ್ಕಿದ್ದ ಊರಿನ ಶಂಕರನಾರಾಯಣ ಬಂದ. ಆಗ ತಾನೇ ಊರಿಂದ ವಾಪಸಾಗಿದ್ದ. “ನಿನ್ನ ಅಮ್ಮ ಹಾಸಿಗೆ ಹಿಡಿದಿದ್ದಾರೆ ಮಾರಾಯ. ಯಾರು ಬಂದರೂ ನೀನಾ ಅಂತ ಕೇಳ್ತ್ರ್. ಒಂದ್ ಸಲ ಹೋಯಿ ಬಾ.”

ವಿಷ್ಣುಮೂರ್ತಿ ಕೈ ಕೂಡ ಒರೆಸಿಕೊಳ್ಳದೆ ಐತಾಳರ ಮುಂದೆ ಹೋಗಿ ನಿಂತ. ಅವರ ಮುಖ ಬಿಳಿಚಿಕೊಂಡಿತು.

“ನೀ ಹೋರೆ ನಾ ಉಳಿತ್ನಾ, ವಿಷ್ಣು?”

“ಯಜಮಾನ್ರೇ, ಕೈಗುಣ ಗಿಯ್ಗುಣ ಎಂತದೂ ಇಲ್ಲೆ. ರುಬ್ಬೂದು ತಪ್ಪುಕೆ ಅಂತ ನಾನೇ ಸುಳ್ಳ್ ಹೇಳಿದ್ದ್. ಗುಣವತಿಯಮ್ಮನೂ ಮಾಡ್ಲಕ್ಕ್, ಯಾರೂ ಮಾಡ್ಲಕ್ಕ್.”

ಐತಾಳರು ನಂಬಲಿಲ್ಲ. “ಊರಿಗೆ ಹೋಪ ಆಸೆಗೆ ಹೀಂಗೆಲ್ಲ ಹೇಳ್ತೆ” ಎಂದು ನಕ್ಕರು. ನಗು ಮುಗಿಯುವ ಮೊದಲೇ ಎದೆಯ ಮೇಲೆ ಕೈ ಹೋಯಿತು. ಅದು ನಟನೆಯಲ್ಲ, ಹೆದರಿಕೆಗೆ ನಿಜವಾಗಿಯೂ ನೋವು ಬಂದಿತ್ತು. ಗುಣವತಿಯಮ್ಮ ಅವನ ಎರಡೂ ಕೈ ಹಿಡಿದುಕೊಂಡು, “ಇವ್ರಿಗೆ ಸ್ವಲ್ಪ ಸರಿ ಆಗ್ಲಿ, ನಾನೇ ಕಳಿಸ್ತೆ” ಎಂದು ಅತ್ತರು. ಬಿಡಿಸಿಕೊಂಡು ಹೊರಟುಬಿಡಬಹುದಿತ್ತು. ಆದರೆ ಆ ಮನುಷ್ಯ ಸತ್ತೇ ಹೋದರೆ? ತಾನು ಹೇಳಿದ ಸುಳ್ಳು ತನ್ನ ಮೇಲೇ ಸವಾರಿ ಮಾಡುತ್ತಿದೆ ಎಂದು ಗೊತ್ತಿದ್ದೂ ವಿಷ್ಣುಮೂರ್ತಿ ಹೋಗಿ ಹಾಲು ಒಲೆಗಿಟ್ಟ.

ಸ್ವಲ್ಪ ದಿನಕ್ಕೆ ಶಂಕರನಾರಾಯಣ ಮತ್ತೆ ಬಂದ. ಈ ಸಲ ಒಳಗೆ ಬರದೆ ಬಾಗಿಲಲ್ಲೇ ನಿಂತ. ಕರೆಯುವ ಮೊದಲೇ ವಿಷ್ಣುಮೂರ್ತಿಗೆ ತಿಳಿಯಿತು.

ಹೆತ್ತ ತಾಯಿಯ ಸೂತಕ. ಅವನು ಒಲೆ ಮುಟ್ಟುವಂತಿಲ್ಲ, ಅವನು ಮುಟ್ಟಿದ್ದನ್ನು ಯಾರೂ ಕುಡಿಯುವಂತಿಲ್ಲ. ಹಿತ್ತಿಲ ಬಾವಿಯಲ್ಲಿ ತಲೆಗೆ ನೀರು ಹೊಯ್ದುಕೊಂಡು, ಒದ್ದೆ ಪಂಚೆಯಲ್ಲಿ ಕಟ್ಟೆಯ ಮೇಲೆ ಕೂತ. ಸಂಜೆ ಮಂಗಳೂರು ಮೈಲ್ ರೈಲಿಗೆ ಹೊರಡುವುದೆಂದಾಯಿತು. ಅಳು ಮಾತ್ರ ಬರಲಿಲ್ಲ.

ಒಳಗೆ ಗುಣವತಿಯಮ್ಮ ತಾವೇ ಕಷಾಯ ಕಾಸಿದರು. ಬೇರೆ ದಾರಿಯೇ ಇರಲಿಲ್ಲ. ಐತಾಳರು ಹಿಂದಿನ ಬಾಗಿಲ ಬಳಿ ಕುರ್ಚಿ ಹಾಕಿಸಿಕೊಂಡು, ದೇವರ ಹೆಸರು ಹೇಳಿ, ಕಣ್ಣು ಮುಚ್ಚಿ ಕುಡಿದರು. ಎದೆಯ ಮೇಲೆ ಕೈ ಇಟ್ಟು ಬಹಳ ಹೊತ್ತು ಕಾದರು. ಆಮೇಲೆ ಕಣ್ಣು ಬಿಟ್ಟರು.

“ಎಂತದೂ ಆಯ್ಲಿಲ್ಲೆ ಕಾಣ್! ಯಾವಾಗಿನ ಹಾಂಗೇ ಇತ್ತ್!” ಅಂದರು ಹೆಂಡತಿಗೆ. ಅವರ ಮುಖದಲ್ಲಿ ಎಷ್ಟೋ ವರ್ಷಗಳಿಂದ ಕಾಣದ ಗೆಲುವು. ಅದೇ ಗೆಲುವಿನಲ್ಲಿ, ಪ್ರೀತಿಯಿಂದಲೇ, ಬಾವಿಕಟ್ಟೆಯ ಕಡೆ ತಿರುಗಿ ಹೇಳಿದರು:

“ವಿಷ್ಣು, ಎಲ್ಲ ಮುಗಿಸಿಕೊಂಡು ನಿಧಾನಕ್ಕೆ ಬಾ ಮಾರಾಯ. ಇಲ್ಲಿ ಅವಸರ ಎಂತದೂ ಇಲ್ಲೆ.”

ವಿಷ್ಣುಮೂರ್ತಿಗೆ ಆಗ ಅಳು ಬಂತು.