ಎಡಗಡೆಯ ಹಿಂದಿನ ಗಾಲಿ

ಹೊಗಳಿಸಿಕೊಂಡು ಸುಸ್ತಾದವರನ್ನು ನೀವು ನೋಡಿರಲಿಕ್ಕಿಲ್ಲ. ನಾನು ಆಗಿದ್ದೇನೆ. ಹೊನ್ನಾಳಿಯಲ್ಲಿ ನನ್ನದೊಂದು ಟೈರ್ ಅಂಗಡಿ. ಜಗಳೂರು ಕಡೆಯ ಬಿಳಿಚೋಡಿನಿಂದ ಬಂದು ಇಲ್ಲಿ ನೆಲೆಯೂರಿ ಇಪ್ಪತ್ತು ವರ್ಷವಾಯಿತು. ಬಲಭುಜ ಸವೆದಿದೆ, ಮಂಡಿ ಮಡಿಸಿದರೆ ನೋಯುತ್ತದೆ. ಅದನ್ನೆಲ್ಲ ಸಹಿಸಬಹುದು. ನ್ಯಾಮತಿಯ ಮೆಕ್ಕೆಜೋಳದ ವ್ಯಾಪಾರಿಯೊಬ್ಬರು ಎರಡು ವರ್ಷ ಕಂಡಕಂಡವರ ಮುಂದೆ ನನ್ನನ್ನು ಹೊಗಳಿದರಲ್ಲ, ಅದನ್ನು ಸಹಿಸುವುದು ಕಷ್ಟವಾಗಿತ್ತು.

ಅದು ಶುರುವಾದದ್ದು ಒಂದು ಶುಕ್ರವಾರ. ಆ ವ್ಯಾಪಾರಿ ತಮ್ಮನಿಗೆ ಹೆಣ್ಣು ನೋಡಲು ಚನ್ನಗಿರಿಗೆ ಹೊರಟಿದ್ದರು. ಕಾರಿನಲ್ಲಿ ತಾಯಿ, ಹೆಂಡತಿ, ತಮ್ಮ. ಹಳೇ ಗಾಲಿಯಲ್ಲಿ ಹೆಣ್ಣಿನವರ ಮನೆ ಮುಂದೆ ಇಳಿಯುವುದು ಚೆನ್ನಾಗಿರುವುದಿಲ್ಲವೆಂದು ಹೊಸ ಗಾಲಿ ಹಾಕಿಸಲು ಬಂದರು.

“ಹತ್ತೂವರೆಗೆ ರಾಹುಕಾಲ ಐತೆ ರೀ ಮೇಸ್ತ್ರಿ. ಅಷ್ಟರಾಗೆ ಗಾಡಿ ಹೊರಡಾಕೆ ಬೇಕು” ಎಂದರು.

ಗಾಲಿ ಕೂರಿಸುವುದು ನೋಡುವವರಿಗೆ ಸಲೀಸು. ಜಾಕ್ ಮೇಲೆ ಗಾಡಿ ಎತ್ತಿ, ಐದು ನಟ್ಟುಗಳನ್ನೂ ಬೆರಳಿನಿಂದಲೇ ತಿರುಗಿಸಿ ಕೂರಿಸಬೇಕು. ಆಮೇಲೆ ಪಾನಾ ಹಾಕಿ ಒಂದನ್ನು ಬಿಟ್ಟು ಒಂದರಂತೆ ಹಗುರವಾಗಿ ಬಿಗಿಯಬೇಕು. ಪಕ್ಕಪಕ್ಕದ್ದನ್ನೇ ಬಿಗಿಯುತ್ತ ಹೋದರೆ ಗಾಲಿ ಓರೆಯಾಗಿ ಕೂರುತ್ತದೆ. ಗಾಡಿ ಇಳಿಸಿ, ಭಾರ ನೆಲಕ್ಕೆ ಬಿದ್ದ ಮೇಲೆಯೇ ಕೊನೆಯ ಬಿಗಿ. ಅದಕ್ಕೆ ಟಾರ್ಕ್ ರೆಂಚ್ ಎಂಬ ಬೇರೆಯೇ ಪಾನಾ ಇದೆ. ಬೇಕಾದಷ್ಟು ಬಿಗಿಯಾದಾಗ ಅದು ಟಕ್ ಎನ್ನುತ್ತದೆ. ಆ ಟಕ್ ಕೇಳಿದ ಮೇಲೆಯೇ ನಾನು ಗಾಲಿಯ ನಡುವಿನ ಮುಚ್ಚಳ ಒತ್ತುವುದು.

ಮೂರು ಗಾಲಿಗೆ ಎಲ್ಲವೂ ಆಯಿತು. ನಾಲ್ಕನೆಯದನ್ನು ಇಳಿಸಿ ರೆಂಚ್ ತರಲು ಎದ್ದೆ. ಅಷ್ಟರಲ್ಲಿ ತಾಯಿ ನಾಲ್ಕೂ ಗಾಲಿಯ ಕೆಳಗೆ ಲಿಂಬೆಹಣ್ಣು ಇಟ್ಟು ಕರ್ಪೂರ ಹಚ್ಚಿಬಿಟ್ಟಿದ್ದರು. ನಾನೂ ಪಕ್ಕಕ್ಕೆ ಸರಿದು ಕೈಮುಗಿದೆ. ಕಾರು ಮುಂದಕ್ಕೆ ಸರಿದು ಹಣ್ಣು ಒಡೆಯಿತು. ಲಿಂಬೆಹಣ್ಣು ಒಡೆದರೆ ನಮ್ಮ ಕಡೆ ಕೆಲಸ ಮುಗಿಯಿತೆಂದೇ ಲೆಕ್ಕ. ಇಷ್ಟು ವರ್ಷದ ಅನುಭವಸ್ಥನಾದ ನನ್ನ ತಲೆಯಲ್ಲೂ ಹಾಗೇ ಆಯಿತು; ದುಡ್ಡು ಇಸಿದುಕೊಂಡು ಅವರನ್ನು ಕಳಿಸಿಬಿಟ್ಟೆ.

ಚಹಾ ಕುಡಿಯಲು ಸ್ಟೂಲಿನ ಮೇಲೆ ಕೂರಲು ಹೋದರೆ ಅಲ್ಲಿ ಒಂದು ಮುಚ್ಚಳ ಉಳಿದಿತ್ತು. ಮುಚ್ಚಳ ಒತ್ತಿಲ್ಲವೆಂದರೆ ನಾಲ್ಕನೆಯ ಗಾಲಿಗೆ ಕೊನೆಯ ಬಿಗಿ ಬಿದ್ದಿಲ್ಲ. ಫೋನ್ ಮಾಡಿದೆ, ಎತ್ತಲಿಲ್ಲ. ಚಹಾದಂಗಡಿಯವನಿಗೆ ಅಂಗಡಿ ನೋಡಿಕೊಳ್ಳಲು ಹೇಳಿ, ರೆಂಚ್ ಕಟ್ಟಿಕೊಂಡು ಮೊಪೆಡ್ ಹತ್ತಿದೆ. ತಿರುವು ಬಂದಾಗಲೆಲ್ಲ ಮೊದಲು ರಸ್ತೆ ಪಕ್ಕದ ಗುಂಡಿ ನೋಡುತ್ತಿದ್ದೆ.

ಬಸವಾಪಟ್ಟಣದಲ್ಲಿ ಹಣ್ಣು, ಹೂವು ಕೊಳ್ಳಲು ಕಾರು ನಿಲ್ಲಿಸಿದ್ದರು. ಓಡಿಹೋಗಿ ಮಂಡಿಯೂರಿದೆ. ಮೊದಲ ನಟ್ಟು ಬೆರಳಿಗೇ ತಿರುಗಿತು.

“ಮುಚ್ಚಳ ಮರ್ತಿದ್ದೆ ಸಾವ್ಕಾರ್ರೇ, ಕೊಡಾಕೆ ಬಂದೆ. ಹಂಗೇ ನಟ್ಟೂ ಒಂದ್ಸಲ ನೋಡ್ತೀನಿ” ಎಂದೆ. ಸುಳ್ಳು ಎಷ್ಟು ಸಲೀಸಾಗಿ ಬಂತು.

“ಒಂದು ಮುಚ್ಚಳಕ್ಕೆ ಇಷ್ಟು ದೂರ ಬಂದ್ರಾ? ಇಂಥೋರು ಈಗ ಎಲ್ಲಿ ಸಿಗ್ತಾರೆ ರೀ” ಎಂದರು ಅವರು. ನನ್ನ ತಲೆಯ ಮೇಲಿನ ಕಿಟಕಿಯಿಂದ ತಾಯಿ ಎರಡು ಬಾಳೆಹಣ್ಣು ಚಾಚಿ, “ನಿನ್ನ ಹೊಟ್ಟೆ ತಣ್ಣಗಿರ್ಲಿ ತಮ್ಮಾ” ಎಂದರು. ಐದೂ ನಟ್ಟು ಬಿಗಿದು ಮುಚ್ಚಳ ಒತ್ತಿದೆ. ಕಾರು ಹೋದ ಮೇಲೆ ಅಲ್ಲೇ ಕಲ್ಲಿನ ಮೇಲೆ ಕುಳಿತುಬಿಟ್ಟೆ. ಹಣ್ಣು ತಿನ್ನಲು ನಾಚಿಕೆಯಾಗಿ ಜೇಬಿಗೆ ಹಾಕಿಕೊಂಡೆ.

ಅಂದಿನಿಂದ ಆ ಮನುಷ್ಯ ಬಂಧುಬಳಗವನ್ನೆಲ್ಲ ನನ್ನಲ್ಲಿಗೇ ಕಳಿಸತೊಡಗಿದರು. ಬಂದವರೆಲ್ಲ ಮುಚ್ಚಳದ ಕಥೆ ಹೇಳುವವರೇ. ನಾನು ಒಂದೊಂದು ನಟ್ಟನ್ನೂ ಮೂರು ಸಲ ನೋಡುವಂತಾದೆ. ಲಿಂಬೆಹಣ್ಣು ಹಿಡಿದು ಹತ್ತಿರ ಬಂದವರನ್ನು ಗದರಿಸಿ ಸಿಡುಕ ಎನಿಸಿಕೊಂಡೆ.

ಕಳೆದ ವಾರ ಅವರೇ ಭಾಮೈದನ ಕಾರು ತಂದರು, ಅದಕ್ಕೂ ಹೊಸ ಗಾಲಿ ಹಾಕಿಸಲು. ನಾಲ್ಕನ್ನೂ ಕೂರಿಸಿ ಗಾಡಿ ಇಳಿಸಿದ್ದೆ. ಭಾಮೈದ ಹೊರಗೆ ಫೋನಿನಲ್ಲಿದ್ದ. ಇವರು ಪಕ್ಕದಲ್ಲಿದ್ದ ಗಿರಾಕಿಗೆ ಮತ್ತೆ ಅದೇ ಕಥೆ ಶುರು ಮಾಡಿದರು. ನನಗೆ ಸಾಕಾಗಿತ್ತು. ಆ ಗಿರಾಕಿ ಹೋಗುವವರೆಗೆ ಕಾದು ಹೇಳಿಬಿಟ್ಟೆ.

“ಆವತ್ತು ಮುಚ್ಚಳಕ್ಕೆ ಬಂದಿರ್ಲಿಲ್ಲ ರೀ. ಒಂದು ಗಾಲಿ ಬಿಗಿ ಮಾಡೋದೇ ಮರ್ತಿದ್ದೆ.”

ಅವರು ನನ್ನನ್ನೇ ನೋಡಿದರು. “ಯಾವ ಗಾಲಿ?”

“ಎಡಗಡೆ ಹಿಂದಿಂದು.”

ಅಂದು ಯಾರು ಎಲ್ಲಿ ಕುಳಿತಿದ್ದರೆಂದು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿರುವುದು ಮುಖದಲ್ಲೇ ಕಾಣುತ್ತಿತ್ತು.

“ಆ ಮಗ್ಗುಲಿಗೆ ನಮ್ಮವ್ವ ಕುಂತಿದ್ಲು” ಎಂದರು.

“ಹೌದ್ರೀ” ಎಂದೆ.

ಬೈದಿದ್ದರೆ ಹಗುರಾಗುತ್ತಿದ್ದೆ. ಅವರು ಬೈಯಲಿಲ್ಲ. ನನ್ನ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕುಳಿತು, “ಬಿಗಿ ಮಾಡ್ರಿ, ನೋಡ್ತೀನಿ” ಎಂದರು. ರೆಂಚ್ ಪ್ರತಿ ಸಲ ಟಕ್ ಎಂದಾಗಲೂ ನಟ್ಟನ್ನು ತಾವೇ ಮುಟ್ಟಿ ನೋಡಿ, ಆಮೇಲೆ ಮುಂದಿನದಕ್ಕೆ ಸನ್ನೆ ಮಾಡಿದರು. ಹೀಗೆ ಇಪ್ಪತ್ತೂ ಮುಗಿದವು. ಎದ್ದು ಬೀದಿಗೆ ಹೋಗಿ ಫೋನ್ ತೆಗೆದರು. ಈಗ ಯಾರಿಗೋ ಇದನ್ನು ಹೇಳಿ ನನ್ನನ್ನು ಬೈಯುತ್ತಾರೆ ಎಂದುಕೊಂಡೆ.

“ಅವ್ವಾ, ಊಟ ಮಾಡಿದ್ಯಾ?” ಎಂದು ಕೇಳುತ್ತಿದ್ದರು.