ಮುರಿಯದೆ ಬಾಗುವ ಮ್ಯಾನೇಜರ್

ಹರಿಯಾಣದ ಮಾನೇಸರ್‌ನಲ್ಲಿ ಕಾರಿನ ಬಿಡಿಭಾಗ ತಯಾರಿಸುವ ಕಾರ್ಖಾನೆಯೊಂದರ ಎಚ್.ಆರ್. ಮ್ಯಾನೇಜರ್, ನಮ್ಮ ಹಾಸನ ಕಡೆಯ ಇಂದುಶೇಖರನ ಬಾಯಲ್ಲಿ ಇರುವುದು ಒಂದೇ ಮಾತು: ಫ್ಲೆಕ್ಸಿಬಲ್. ರಜೆ ಕೇಳಿದವರಿಗೂ, ಕ್ಯಾಂಟೀನಿನ ದಾಲ್ ಬರೀ ನೀರು ಎಂದವರಿಗೂ ಅವನ ಉತ್ತರ, ‘ಥೋಡಾ ಫ್ಲೆಕ್ಸಿಬಲ್ ಬನೋ ಭಯ್ಯಾ,’ ಸ್ವಲ್ಪ ಹೊಂದಿಕೊಳ್ಳಪ್ಪಾ ಅಂತ. ಕಾರ್ಮಿಕ ಸಂಘದ ಬಾವುಟ ಹಿಡಿದು ಹೋದ ನನಗೂ ಟೀ ಕೊಟ್ಟು ಪಾಠ ಹೇಳುತ್ತಾನೆ: ‘ಲ್ಯಾಟಿನ್‌ನಿಂದ ಬಂದ ಪದ ಸಾರ್, ಬಾಗೋದು ಅಂತ ಮೂಲಾರ್ಥ. ಮುರೀದೇ ಬಾಗಬೇಕು.’ ‘ಬಗ್ಗಿದವನಿಗೆ ಒಂದು ಗುದ್ದು ಹೆಚ್ಚು ಅಂತಾರಲ್ಲಯ್ಯಾ ನಮ್ಮ ಕಡೆ, ಅದು ಯಾವ ಲ್ಯಾಟಿನ್ನು?’ ಎಂದು ನಾನು ಕೇಳಿದರೆ ನಕ್ಕು ಇನ್ನೊಂದು ಬಿಸ್ಕತ್ತು ಮುಂದಿಡುತ್ತಾನೆ. ಮೊನ್ನೆ ಹನ್ನೆರಡು ಗಂಟೆಯ ಪಾಳಿ ವಿರುದ್ಧ ಜಗಳಕ್ಕೆಂದೇ ಅವನ ಆಫೀಸಿಗೆ ಹತ್ತುತ್ತಿದ್ದವನು ಮೆಟ್ಟಿಲಲ್ಲೇ ಬೆಚ್ಚಿ ನಿಂತೆ. ಮ್ಯಾನೇಜರ್ ಸಾಹೇಬ ಅಲ್ಲೇ ಕೂತು, ಮೊಣಕಾಲ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೆಲಸ ಮಾಡುತ್ತಿದ್ದ. ಪಕ್ಕದ ಊಟದ ಚೀಲದಲ್ಲಿ ಅವನದೇ ಹಿತ್ತಾಳೆಯ ನಾಮಫಲಕ. ‘ಯಾರಿಗೂ ಸ್ವಂತ ಟೇಬಲ್ ಬೇಡ ಅಂತು ಕಂಪನಿ. ಮೊದಲು ಬಂದವರಿಗೆ ಕುರ್ಚಿ. ಇವತ್ತು ನನಗೆ ಸಿಗಲಿಲ್ಲ ಸಾರ್.’ ಕಾರ್ಖಾನೆಗೆ ಅಡಿಪಾಯ ಹಾಕಿದಾಗಿನಿಂದ ಇರುವ ಮನುಷ್ಯ! ಅವನು ಚೀಲವನ್ನು ಮಡಿಲಿಗೆಳೆದುಕೊಂಡು, ಗೋಡೆಗೆ ಒತ್ತಿ ಸರಿದು ಜಾಗ ಮಾಡಿದ: ‘ಬನ್ನಿ, ಕೂತ್ಕೊಳ್ಳಿ.’